ಶಿಶುಭೇದಿಯ ಚಿಕಿತ್ಸೆಯೂ ಶುಶ್ರೂಷಕಿಯ ಹೊಣೆಯೂ

ಮಕ್ಕಳನ್ನು ಕಾಡುವ ವ್ಯಾಧಿಗಳ ಪೈಕಿ ಭೇದಿಯಷ್ಟು ಸಾಮಾನ್ಯವಾದುದೂ, ಸಾಮಾನ್ಯವೆಂಬ ಕಾರಣದಿಂದಲೇ ಅಷ್ಟು ಉಪೇಕ್ಷೆಗೆ ಗುರಿಯಾದುದೂ ಮತ್ತೊಂದಿರಲಾರದು. ಹಲ್ಲು ಮೂಡುವ ಕಾಲದಲ್ಲಿ ಹೊಟ್ಟೆ ಕೆಡುವುದು ಸಹಜವೆಂದೂ, ಯಾರದೋ ದೃಷ್ಟಿ ತಾಗಿದೆಯೆಂದೂ, ತಾಯಿ ಉಂಡದ್ದು ಮಗುವಿಗೆ ಒಗ್ಗಲಿಲ್ಲವೆಂದೂ ನಾನಾ ಸಮಾಧಾನಗಳನ್ನು ಹೇಳಿಕೊಳ್ಳುತ್ತ ಮನೆಮಂದಿ ಎರಡು ದಿನ ಕಾಯುವಷ್ಟರಲ್ಲಿ, ನಗುನಗುತ್ತಿದ್ದ ಕೂಸಿನ ಕಣ್ಣು ಗುಳಿಬಿದ್ದು, ನೆತ್ತಿ ತಗ್ಗಿ, ಅಳುವಿಗೆ ಕಣ್ಣೀರೂ ಬಾರದಂತಾಗಿರುತ್ತದೆ. ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿವರ್ಷವೂ ಈ ರೋಗದಿಂದ ಅಸುನೀಗುತ್ತಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಕ್ಕೆ ಮದ್ದೇ ಇಲ್ಲದಿದ್ದರೆ ದುಃಖಪಟ್ಟು ಸುಮ್ಮನಾಗಬಹುದಿತ್ತು. ಆದರೆ ಮದ್ದು ಇದೆ, ಅದು ಅಗ್ಗವಾದುದು, ಹಳ್ಳಿಯ ಉಪಕೇಂದ್ರದಲ್ಲಿಯೂ ದೊರಕುವಂಥದು. ಹಾಗಿದ್ದರೂ ಮಕ್ಕಳು ಸಾಯುತ್ತಿರುವುದಕ್ಕೆ ಒಂದು ಮುಖ್ಯ ಕಾರಣ, ಆ ಮದ್ದನ್ನು ಕೊಡಬೇಕಾದ ಹೊತ್ತಿನಲ್ಲಿ, ಕೊಡಬೇಕಾದ ಅಳತೆಯಲ್ಲಿ, ಕೊಡಬೇಕಾದ ರೀತಿಯಲ್ಲಿ ಕೊಡುವ ಕೈಗಳ ಕೊರತೆ. ವೈದ್ಯನು ಚೀಟಿಯ ಮೇಲೆ ಒಂದು ನಿಮಿಷದಲ್ಲಿ ಬರೆದ ಮಾತನ್ನು ಮುಂದಿನ ಹಲವು ಗಂಟೆಗಳ ಕಾಲ ನಡೆಸಿಕೊಂಡು ಹೋಗುವ ಹೊಣೆ ಶುಶ್ರೂಷಕಿಯದು. ಈ ಲೇಖನದ ವಿಷಯವೂ ಆ ಹೊಣೆಯೇ.

ಮೊದಲಿಗೆ ರೋಗದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಉಚಿತ. ಮಗುವಿನ ಭೇದಿಗೆ ಅತಿ ಸಾಮಾನ್ಯ ಕಾರಣ ವೈರಾಣುಗಳು, ಅವುಗಳಲ್ಲಿಯೂ ರೋಟಾ ವೈರಾಣು. ಕೆಲವೊಮ್ಮೆ ಬ್ಯಾಕ್ಟೀರಿಯಾಗಳೂ ಪರೋಪಜೀವಿಗಳೂ ಕಾರಣವಾಗುವುದುಂಟು. ಕಾರಣ ಯಾವುದೇ ಇರಲಿ, ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ಒಂದೇ ಸಂಗತಿ: ದೇಹದ ನೀರೂ ಲವಣವೂ ಸೋರಿಹೋಗಿ ಉಂಟಾಗುವ ನಿರ್ಜಲೀಕರಣ. ಆದಕಾರಣ ಚಿಕಿತ್ಸೆಯ ಮೊದಲ ಗುರಿ, ಕಳೆದುಹೋದುದನ್ನು ತುಂಬಿಕೊಡುವುದು; ಭೇದಿಯನ್ನು ತಡೆದು ನಿಲ್ಲಿಸುವ ಯೋಚನೆ ಆಮೇಲಿನದು. ಬರಿಯ ನೀರನ್ನು ಕುಡಿಸಿದರೆ ರೋಗಗ್ರಸ್ತವಾದ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳದು. ಬರಿಯ ಉಪ್ಪುನೀರೂ ಅಷ್ಟೇ. ಆದರೆ ಉಪ್ಪಿನ ಸೋಡಿಯಂ ಅಂಶವೂ ಗ್ಲೂಕೋಸೂ ಸರಿಯಾದ ಪ್ರಮಾಣದಲ್ಲಿ ಒಟ್ಟುಗೂಡಿದಾಗ ಕರುಳಿನ ಗೋಡೆ ಅವೆರಡನ್ನೂ ಜೊತೆಜೊತೆಯಾಗಿ ಒಳಗೆ ಸೆಳೆದುಕೊಳ್ಳುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಮಂಡಿಸಿದ ಈ ತತ್ತ್ವದ ವಿಶೇಷವೇನೆಂದರೆ, ಕಾಲರಾದಂತಹ ಘೋರ ವಾಂತಿಭೇದಿಯಲ್ಲಿಯೂ ಕರುಳಿನ ಈ ಒಂದು ದ್ವಾರ ಮುಚ್ಚುವುದಿಲ್ಲ.

ಈ ಜ್ಞಾನ ಪ್ರಯೋಗಶಾಲೆಯಿಂದ ಹೊರಬಿದ್ದು ಜನರ ಪ್ರಾಣವುಳಿಸಿದ ಕಥೆ ನಮ್ಮ ನೆಲದ್ದೇ ಆಗಿದೆ. ಬಾಯಿಯ ಮೂಲಕ ದ್ರಾವಣ ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ ಅನುಭವವನ್ನು ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು 1953ರಷ್ಟು ಹಿಂದೆಯೇ ಪ್ರಕಟಿಸಿದ್ದರು; 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಅದನ್ನು ಶಾಸ್ತ್ರೀಯವಾಗಿ ಸ್ಥಿರಪಡಿಸಿದರು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನ ಶಿಬಿರಗಳಲ್ಲಿ ಕಾಲರಾಕ್ಕೆ ತುತ್ತಾಗಿ, ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿ ನರಳುತ್ತಿದ್ದಾಗ, ರಕ್ತನಾಳಕ್ಕೆ ಹಾಯಿಸುವ ದ್ರವದ ದಾಸ್ತಾನು ಬರಿದಾಗತೊಡಗಿತು. ಡಾಕ್ಟರ್ ದಿಲೀಪ್ ಮಹಾಲನಬಿಸರು ಆಗ ಅಡುಗೆಯ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಇವನ್ನು ತೂಕಮಾಡಿ ಪೊಟ್ಟಣ ಕಟ್ಟಿಸಿ, ನಲ್ಲಿಯಿದ್ದ ಪೀಪಾಯಿಗಳಲ್ಲಿ ನೀರಿಗೆ ಬೆರೆಸಿಟ್ಟು, ರೋಗಿಗಳ ಬಂಧುಗಳ ಕೈಯಲ್ಲಿಯೇ ಬಟ್ಟಲು ಕೊಟ್ಟು ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಮರಣಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಈ ಮಹನೀಯರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಆ ದಿನಗಳಲ್ಲಿ ಮದ್ದು ಎಷ್ಟು ಪ್ರಾಣಗಳನ್ನು ಉಳಿಸಿತೋ, ಆ ಮದ್ದನ್ನು ಬಟ್ಟಲಿನಿಂದ ಗುಟುಕುಗುಟುಕಾಗಿ ಕುಡಿಸುತ್ತ ಪಕ್ಕದಲ್ಲಿ ಕುಳಿತ ಕೈಗಳೂ ಅಷ್ಟೇ ಮಟ್ಟಿಗೆ ಉಳಿಸಿದವು. ಶುಶ್ರೂಷೆಯ ಮಹತ್ತ್ವಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಈಗ ತಾಲ್ಲೂಕು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಹೋಗೋಣ. ಹತ್ತು ಕಿಲೋ ತೂಗುವ, ಒಂದೂಕಾಲು ವರ್ಷದ ಮಗುವನ್ನು ತಾಯಿಯೂ ಅಜ್ಜಿಯೂ ಎತ್ತಿಕೊಂಡು ಬಂದಿದ್ದಾರೆ. ಬೆಳಗಿನಿಂದ ಏಳೆಂಟು ಸಲ ನೀರಿನಂತೆ ಹೋಗಿದೆ. ಔಷಧವನ್ನು ಮುಟ್ಟುವ ಮೊದಲು ಶುಶ್ರೂಷಕಿ ಮಾಡತಕ್ಕ ಕೆಲಸ, ಮಗುವನ್ನು ನೋಡುವುದು. ನೋಡುವುದೆಂದರೆ ಸುಮ್ಮನೆ ಕಣ್ಣು ಹಾಯಿಸುವುದಲ್ಲ, ಅದಕ್ಕೊಂದು ಕ್ರಮವಿದೆ. ಮಗು ಎಚ್ಚರವಾಗಿದೆಯೆ, ಕಿರಿಕಿರಿಮಾಡುತ್ತಿದೆಯೆ, ಜೋಲುಬಿದ್ದಿದೆಯೆ? ಕಣ್ಣು ಗುಳಿಬಿದ್ದಿದೆಯೆ, ಅದು ಈಗ ಆದದ್ದೆ ಅಥವಾ ಮೊದಲಿನಿಂದಲೂ ಹಾಗೆಯೆ ಎಂದು ತಾಯಿಯನ್ನು ಕೇಳಬೇಕು. ನೀರು ಕೊಟ್ಟರೆ ಆತುರದಿಂದ ಬಟ್ಟಲನ್ನೇ ಹಿಡಿದುಕೊಂಡು ಕುಡಿಯುತ್ತದೆಯೆ, ಅಥವಾ ಕುಡಿಯುವ ಶಕ್ತಿಯೇ ಇಲ್ಲವೆ? ಹೊಕ್ಕಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳಿಂದ ಮೆಲ್ಲನೆ ಎತ್ತಿ ಹಿಡಿದು ಬಿಟ್ಟರೆ, ಆರೋಗ್ಯವಂತ ಮಗುವಿನಲ್ಲಿ ಅದು ತಟ್ಟನೆ ಸಮನಾಗುತ್ತದೆ. ನೀರು ಬತ್ತಿದ ಮಗುವಿನಲ್ಲಿ ಮಡಿಕೆ ನಿಧಾನವಾಗಿ ಇಳಿಯುತ್ತದೆ. ಎರಡು ಸೆಕೆಂಡಿಗೂ ಮೀರಿ ನಿಂತರೆ ಅಪಾಯ ಬಾಗಿಲಿಗೆ ಬಂದಿದೆಯೆಂದೇ ಅರ್ಥ. ಜೊತೆಗೆ ಮಗುವನ್ನು ತೂಗಬೇಕು. ಅಂದಾಜಿನ ತೂಕವನ್ನು ನಂಬಿ ಮದ್ದಿನ ಪ್ರಮಾಣ ನಿಶ್ಚಯಿಸಬಾರದು, ಏಕೆಂದರೆ ಮುಂದಿನ ಪ್ರತಿಯೊಂದು ಲೆಕ್ಕವೂ ಆ ತೂಕದ ಮೇಲೆಯೇ ನಿಂತಿದೆ.

ನಮ್ಮ ಮಗು ಕಿರಿಕಿರಿ ಮಾಡುತ್ತಿದೆ, ಬಾಯಾರಿದೆ, ಕಣ್ಣು ಸ್ವಲ್ಪ ಒಳಹೋಗಿದೆ. ಇದು ಮಧ್ಯಮ ಬಗೆಯ ನಿರ್ಜಲೀಕರಣ. ತೂಕದ ಕಿಲೋ ಒಂದಕ್ಕೆ 75 ಮಿಲಿಲೀಟರಿನಂತೆ 750 ಮಿಲಿಲೀಟರ್ ಓಆರ್‌ಎಸ್ ದ್ರಾವಣವನ್ನು, ಅಂದರೆ ಮೇಲೆ ಹೇಳಿದ ಉಪ್ಪು ಗ್ಲೂಕೋಸುಗಳ ದ್ರಾವಣವನ್ನು, ನಾಲ್ಕು ಗಂಟೆಗಳಲ್ಲಿ ಕುಡಿಸಬೇಕೆಂದು ವೈದ್ಯರು ಬರೆದುಕೊಟ್ಟರು. ಕಾಗದದ ಮೇಲೆ ಒಂದು ಸಾಲು. ಆದರೆ ಐದು ಮಿಲಿಲೀಟರಿನ ಚಮಚದಲ್ಲಿ ಎಣಿಸಿದರೆ ಅದು ನೂರೈವತ್ತು ಚಮಚ, ಸರಿಸುಮಾರು ಒಂದೂವರೆ ನಿಮಿಷಕ್ಕೊಂದರಂತೆ. ಇದನ್ನು ಒಂದೇ ಉಸಿರಿಗೆ ಬಾಟಲಿಯಲ್ಲಿ ಕುಡಿಸಿದರೆ ಮಗು ಅಷ್ಟನ್ನೂ ಕಕ್ಕಿಬಿಡುತ್ತದೆ. ಹಟಮಾಡುವ ಮಗುವಿನ ಮೂಗು ಹಿಡಿದು ಒಳಲೆಯಲ್ಲಿ ಹುಯ್ದರೆ ದ್ರಾವಣ ಶ್ವಾಸನಾಳಕ್ಕೆ ನುಗ್ಗುವ ಭಯವುಂಟು. ಅಜ್ಜಿಗೆ ಈ ನಿಧಾನ ಸಹಿಸದು. “ಕೊಟ್ಟಷ್ಟೂ ಹೋಗ್ತಾನೇ ಇದೆಯಲ್ಲ ಸಿಸ್ಟರಮ್ಮ, ಒಂದು ಗ್ಲೂಕೋಸ್ ಹಾಕಿಬಿಡಿ” ಎಂದು ಆಕೆ ಅಂಗಲಾಚುತ್ತಾಳೆ. ಬಲ್ಲ ಶುಶ್ರೂಷಕಿ ಗದರಿಸುವುದಿಲ್ಲ. “ಅಜ್ಜೀ, ಹೋದಷ್ಟನ್ನು ನಾವು ತುಂಬ್ತಾ ಇದ್ದರೆ ಮಗುವಿಗೆ ಏನೂ ಆಗೋದಿಲ್ಲ. ಕುಡಿಯೋ ಮಗುವಿಗೆ ಸೂಜಿ ಯಾಕೆ? ನೀವು ಚಮಚ ಹಿಡೀರಿ, ನಾನು ಇಲ್ಲೇ ಇರ್ತೀನಿ” ಎಂದು ತಾಯಿಯ ಮಡಿಲಲ್ಲಿ ಮಗುವಿನ ತಲೆಯನ್ನು ತುಸು ಎತ್ತಿ ಕೂರಿಸಿ, ಮೊದಲ ಹತ್ತು ಚಮಚಗಳನ್ನು ತಾನೇ ಕುಡಿಸಿ ತೋರಿಸುತ್ತಾಳೆ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಇನ್ನೂ ನಿಧಾನವಾಗಿ ಆರಂಭಿಸುವಂತೆ ಹೇಳುತ್ತಾಳೆ. ನಾಲ್ಕು ಗಂಟೆ ತುಂಬಿದಾಗ ಚರ್ಮ, ಕಣ್ಣು, ಬಾಯಾರಿಕೆ ಎಲ್ಲವನ್ನೂ ಹೊಸದಾಗಿ ಪರೀಕ್ಷಿಸಿ ಮುಂದಿನ ದಾರಿ ನಿಶ್ಚಯಿಸಲಾಗುತ್ತದೆ. ಈ ನಡುವೆ ಮಗುವಿನ ರೆಪ್ಪೆಗಳು ಊದಿಕೊಂಡರೆ ನೀರು ಅತಿಯಾಯಿತೆಂದು ತಿಳಿದು, ಓಆರ್‌ಎಸ್ ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಎದೆಹಾಲನ್ನೋ ಬರಿಯ ನೀರನ್ನೋ ಕೊಡಬೇಕಾಗುತ್ತದೆ.

ದ್ರಾವಣದ ತಯಾರಿಕೆಯೂ ಔಷಧ ತಯಾರಿಕೆಯೇ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಈಗ ಬಳಕೆಯಲ್ಲಿರುವ ಪ್ರಮಾಣಿತ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ ಪುಡಿಯಿರುತ್ತದೆ. ಅಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆಂದೇ ತಯಾರಿಸಿದ ಸಣ್ಣ ಪೊಟ್ಟಣಗಳೂ ದೊರೆಯುವುದರಿಂದ, ಯಾವ ಪೊಟ್ಟಣಕ್ಕೆ ಎಷ್ಟು ನೀರೆಂಬುದನ್ನು ಅದರ ಮೇಲೆ ಓದಿಯೇ ಬೆರೆಸಬೇಕು. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಲವಣ ಅತಿಯಾಗಿ ಮಗುವಿನ ಮಿದುಳಿಗೇ ಅಪಾಯ ತಟ್ಟಬಹುದು. ಸಣ್ಣ ಪೊಟ್ಟಣವನ್ನು ಒಂದು ಲೀಟರಿಗೆ ಬೆರೆಸಿದರೆ ಮದ್ದು ನಿಸ್ಸಾರವಾಗುತ್ತದೆ. ಅರ್ಧ ಪುಡಿ ಇಂದಿಗೆ, ಅರ್ಧ ನಾಳೆಗೆ ಎಂಬ ಮಿತವ್ಯಯ ಇಲ್ಲಿ ಸಲ್ಲದು, ಏಕೆಂದರೆ ಪೊಟ್ಟಣದೊಳಗೆ ಲವಣವೂ ಗ್ಲೂಕೋಸೂ ಎಲ್ಲೆಡೆ ಸಮನಾಗಿ ಬೆರೆತಿರುತ್ತವೆಂಬ ಭರವಸೆಯಿಲ್ಲ. ಸೋಪಿನಿಂದ ಕೈತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಿ, ಮುಚ್ಚಿಟ್ಟು, 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ರುಚಿಗೆಂದು ಸಕ್ಕರೆಯನ್ನಾಗಲಿ ಹಾಲನ್ನಾಗಲಿ ಹಣ್ಣಿನ ರಸವನ್ನಾಗಲಿ ಸೇರಿಸಕೂಡದು. ಓಆರ್‌ಎಸ್ ಎಂಬ ಹೆಸರನ್ನು ತೊಟ್ಟು ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಲ್ಲಿ ಸಕ್ಕರೆಯ ಅಂಶ ಬಹಳ ಹೆಚ್ಚಾಗಿದ್ದು, ಅಂಥ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನೇ ಉಲ್ಬಣಗೊಳಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ಆದೇಶಿಸಿತು. ಔಷಧದಂಗಡಿಯಿಂದ ತಂದದ್ದು ನಿಜವಾದ ಓಆರ್‌ಎಸ್ ಹೌದೋ ಅಲ್ಲವೋ ಎಂದು ಪೊಟ್ಟಣವನ್ನು ತಿರುಗಿಸಿ ನೋಡುವುದೂ ಶುಶ್ರೂಷಕಿಯ ಕರ್ತವ್ಯದಲ್ಲಿ ಸೇರಿದೆ.

ಎರಡನೆಯ ಮದ್ದು ಸತು, ಜನರ ಬಾಯಲ್ಲಿ ಜಿಂಕ್ ಮಾತ್ರೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಜೊತೆಗೂಡಿ ಓಆರ್‌ಎಸ್‌ನೊಡನೆ ಇದನ್ನೂ ಕೊಡಬೇಕೆಂದು ಸಲಹೆಮಾಡಿದವು. ಭೇದಿಯ ಅವಧಿಯನ್ನೂ ತೀವ್ರತೆಯನ್ನೂ ತಗ್ಗಿಸಿ, ಮುಂದಿನ ಎರಡು ಮೂರು ತಿಂಗಳ ಮಟ್ಟಿಗೆ ಅದು ಮರುಕಳಿಸುವುದನ್ನೂ ಕಡಿಮೆಮಾಡುವ ಗುಣ ಇದಕ್ಕಿದೆ. ನಮ್ಮ ದೇಶದ ಪದ್ಧತಿಯಲ್ಲಿ ಎರಡರಿಂದ ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. ಆರು ತಿಂಗಳು ತುಂಬಿದ ಮೇಲೆ ಐದು ವರ್ಷದವರೆಗೆ 20 ಮಿಲಿಗ್ರಾಮಿನ ಒಂದು ಮಾತ್ರೆ. ಹೀಗೆ 14 ದಿನ. ಚಮಚದಲ್ಲಿಟ್ಟು ಎದೆಹಾಲನ್ನೋ ಶುದ್ಧ ನೀರನ್ನೋ ಹನಿಸಿದರೆ ಅದು ತಾನಾಗಿ ಕರಗುತ್ತದೆ. ಇಲ್ಲಿ ಶುಶ್ರೂಷಕಿಯ ಶ್ರಮವೆಲ್ಲ ಕೊನೆಯ ದಿನಗಳಿಗಾಗಿ. ಮೂರನೆಯ ದಿನ ಭೇದಿ ನಿಂತಿತೆಂದರೆ ಮಾತ್ರೆಯೂ ನಿಲ್ಲುವುದು ಮನೆಮನೆಯ ರೂಢಿ. ಉಳಿದ ಮಾತ್ರೆಗಳು ಈಗಿನ ಭೇದಿಗಲ್ಲ, ಮುಂದೆ ಬರಬಹುದಾದುದನ್ನು ತಡೆಯಲಿಕ್ಕೆಂಬುದನ್ನು ತಾಯಿಗೆ ಮನದಟ್ಟಾಗುವಂತೆ ಹೇಳದೆ ಹದಿನಾಲ್ಕು ಮಾತ್ರೆಗಳನ್ನು ಬರಿದೆ ಕೈಗಿತ್ತರೆ ಕೊಟ್ಟಂತಾಗಲಿಲ್ಲ.

ಇನ್ನು ಜೋಲುಬಿದ್ದು ಬರುವ ಮಗುವಿನ ವಿಷಯ. ಎಚ್ಚರತಪ್ಪಿದ, ಕುಡಿಯಲಾರದ ಮಗುವಿನ ಬಾಯಿಗೆ ಏನನ್ನೂ ಹಾಕತಕ್ಕದ್ದಲ್ಲ; ಕೂಡಲೇ ರಕ್ತನಾಳದ ಮೂಲಕ ದ್ರವ ಹಾಯಬೇಕು. ಜನರು ಅದನ್ನು ಗ್ಲೂಕೋಸ್ ಎನ್ನುತ್ತಾರಾದರೂ ಅಲ್ಲಿ ಬೇಕಾದುದು ರಿಂಗರ್ ಲ್ಯಾಕ್ಟೇಟ್, ಅದಿಲ್ಲವಾದರೆ ನಾರ್ಮಲ್ ಸಲೈನ್. ಲವಣವಿಲ್ಲದ ಬರಿಯ ಗ್ಲೂಕೋಸ್ ದ್ರಾವಣ ಈ ಮಗುವಿನ ಕೊರತೆಯನ್ನು ತುಂಬಲಾರದು. ನೇತುಹಾಕುವ ಮುನ್ನ ಬಾಟಲಿಯ ಹೆಸರನ್ನೂ ಅವಧಿಯನ್ನೂ ದ್ರವದ ತಿಳಿಯನ್ನೂ ನೋಡಬೇಕೆಂಬುದು ಇದಕ್ಕಾಗಿಯೇ. ಹತ್ತು ತಿಂಗಳ, ಎಂಟು ಕಿಲೋ ತೂಗುವ ಕೂಸೊಂದನ್ನು ಭಾವಿಸಿಕೊಳ್ಳಿ. ಒಂದು ವರ್ಷದೊಳಗಿನ ಮಗುವಿಗೆ ಮೊದಲ ಒಂದು ಗಂಟೆಯಲ್ಲಿ ಕಿಲೋಗೆ 30 ಮಿಲಿಲೀಟರಿನಂತೆ 240 ಮಿಲಿಲೀಟರ್, ಮುಂದಿನ ಐದು ಗಂಟೆಗಳಲ್ಲಿ ಕಿಲೋಗೆ 70ರಂತೆ 560 ಮಿಲಿಲೀಟರ್ ಹೋಗಬೇಕು. ಮಿಲಿಲೀಟರಿಗೆ 20 ಹನಿ ಬೀಳುವ ಸಾಧಾರಣ ನಳಿಕೆಯಾದರೆ ಮೊದಲ ಗಂಟೆ ನಿಮಿಷಕ್ಕೆ 80 ಹನಿ, ಆಮೇಲೆ ಸುಮಾರು 37 ಹನಿ. ಇದೇ ಕೂಸಿಗೆ 60 ಹನಿಯ ಸಣ್ಣ ನಳಿಕೆ ಜೋಡಿಸಿ, ಲೆಕ್ಕವನ್ನು ಮಾತ್ರ ಹಳೆಯದೇ ಇಟ್ಟುಕೊಂಡರೆ ಮೂರನೆಯ ಒಂದು ಭಾಗ ದ್ರವ ಮಾತ್ರ ಒಳಗೆ ಹೋಗಿರುತ್ತದೆ, ಸಿಬ್ಬಂದಿಯೆಲ್ಲ ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆಯೆಂದೇ ನಂಬಿರುತ್ತಾರೆ. ಗಡಿಯಾರವನ್ನು ಕಣ್ಣಮುಂದೆ ಹಿಡಿದು ಹನಿಗಳನ್ನು ಎಣಿಸುವ ಆ ಒಂದು ನಿಮಿಷ ವಾರ್ಡಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ನಿಮಿಷ.

ಹನಿ ಬೀಳತೊಡಗಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ನಾಡಿ ಬಲವಾಗುವವರೆಗೂ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮಗುವನ್ನು ಪರೀಕ್ಷಿಸಬೇಕು. ಸೂಜಿ ಚುಚ್ಚಿದ ಜಾಗ ಊದಿದೆಯೆ, ಕೆಂಪಾಗಿದೆಯೆ, ಉಸಿರಾಟದ ವೇಗ ಹೆಚ್ಚಿದೆಯೆ, ಮೂತ್ರ ಹೋಯಿತೆ ಎಂದು ನೋಡುತ್ತಿರಬೇಕು. ಪೊಟ್ಯಾಸಿಯಂ ಕ್ಲೋರೈಡಿನ ಸಾಂದ್ರ ಚುಚ್ಚುಮದ್ದನ್ನು ಎಂದಿಗೂ ನೇರವಾಗಿ ರಕ್ತನಾಳಕ್ಕೆ ಒತ್ತಕೂಡದು. ಹಾಗೆ ಮಾಡಿದರೆ ಕ್ಷಣಾರ್ಧದಲ್ಲಿ ಹೃದಯವೇ ನಿಂತುಹೋದೀತು. ಅದನ್ನು ಆದೇಶದಂತೆ ದೊಡ್ಡ ಬಾಟಲಿಯಲ್ಲಿ ಚೆನ್ನಾಗಿ ಬೆರೆಸಿ, ಮಗುವಿಗೆ ಮೂತ್ರ ಹೋಗಿದೆಯೆಂಬುದನ್ನು ಖಾತ್ರಿಮಾಡಿಕೊಂಡು, ನಿಧಾನವಾಗಿಯೇ ಹಾಯಿಸಬೇಕು. ಮಗು ಕಣ್ಣು ತೆರೆದು ಕುಡಿಯಬಲ್ಲದಾದ ಕೂಡಲೆ ಬಾಟಲಿ ತೂಗುತ್ತಿರುವಾಗಲೇ ಓಆರ್‌ಎಸ್ ಚಮಚವನ್ನೂ ಆರಂಭಿಸಬೇಕು. ತೀವ್ರ ಅಪೌಷ್ಟಿಕತೆಯಿಂದ ನರಳುವ ಮಗುವಿನ ಲೆಕ್ಕವೇ ಬೇರೆ: ಅದರ ಚರ್ಮ ಸದಾ ಸಡಿಲವಾಗಿರುವುದರಿಂದ ಚರ್ಮದ ಪರೀಕ್ಷೆ ದಾರಿತಪ್ಪಿಸುತ್ತದೆ, ಅದರ ಹೃದಯ ಹೆಚ್ಚು ನೀರಿನ ಭಾರವನ್ನು ತಾಳದು, ಅಂಥ ಮಗುವಿಗೆ ಎಲ್ಲವೂ ಮೆಲ್ಲಮೆಲ್ಲನೆ, ವೈದ್ಯರ ವಿಶೇಷ ಸೂಚನೆಯಂತೆಯೇ ನಡೆಯಬೇಕು.

ಕೊಡಬೇಕಾದ ಮದ್ದಿನಷ್ಟೇ ಮುಖ್ಯವಾದುದು, ಕೊಡಬಾರದ ಮದ್ದಿನ ವಿವೇಚನೆ. ದೊಡ್ಡವರು ಭೇದಿ ಕಟ್ಟಲೆಂದು ನುಂಗುವ ಲೋಪೆರಮೈಡ್‌ನಂತಹ ಮಾತ್ರೆಗಳು ಎಳೆಯ ಮಕ್ಕಳಿಗೆ ನಿಷಿದ್ಧ. ಅವು ಕರುಳಿನ ಚಲನೆಯನ್ನೇ ಸ್ತಬ್ಧಗೊಳಿಸಿ, ಹೊಟ್ಟೆಯುಬ್ಬಿ, ಪ್ರಾಣಾಪಾಯಕ್ಕೆ ದಾರಿಮಾಡಬಲ್ಲವು. ಭೇದಿ ನಿಂತಂತೆ ಮೇಲೆ ತೋರುತ್ತದೆ, ನೀರು ಮಾತ್ರ ಕರುಳಿನೊಳಗೇ ಸೋರಿ ನಿಂತಿರುತ್ತದೆ. ಆಂಟಿಬಯಾಟಿಕ್ ಔಷಧಗಳೂ ಸಾಮಾನ್ಯ ನೀರುಭೇದಿಗೆ ಬೇಕಿಲ್ಲ, ವೈರಾಣುವಿನ ಮೇಲೆ ಅವುಗಳ ಆಟ ನಡೆಯದು. ಮಲದಲ್ಲಿ ರಕ್ತ ಕಂಡಾಗ, ಕಾಲರಾದ ಸಂಶಯವಿದ್ದಾಗ, ಅಥವಾ ಬೇರೆ ಸೋಂಕು ಜೊತೆಗಿದ್ದಾಗ ವೈದ್ಯರು ಅವನ್ನು ಬರೆಯುತ್ತಾರೆ. ಹಾಗೆ ಬರೆದಾಗ ಹಿಂದೆ ಯಾವುದಾದರೂ ಮದ್ದು ಮಗುವಿಗೆ ಒಗ್ಗದೆ ಮೈಮೇಲೆ ದದ್ದು ಎದ್ದಿತ್ತೆ ಎಂದು ಕೇಳುವುದು, ಪುಡಿರೂಪದ ಔಷಧದ ಶೀಶೆಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕುವುದು, ಪ್ರತಿಸಲವೂ ಕುಲುಕಿಯೇ ಅಳೆಯುವುದು, ಹೇಳಿದಷ್ಟು ದಿನವೂ ತಪ್ಪದೆ ಕೊಡುವಂತೆ ತಿಳಿಸುವುದು ಇವೆಲ್ಲ ಶುಶ್ರೂಷಕಿಯ ಪಾಲಿನವು. ಮನೆಯವರು ಮೊದಲೇ ಏನನ್ನಾದರೂ ಕೊಟ್ಟಿದ್ದಾರೆಯೆ, ಅಂಗಡಿಯಿಂದ ತಂದ ಮಾತ್ರೆಯೆ, ನಾಟಿ ಮದ್ದೆ ಎಂಬುದನ್ನು ನಯವಾಗಿ ಕೇಳಿ ತಿಳಿಯುವುದೂ ಅವಳದೇ ಕೆಲಸ. ಹೆದರಿಸಿದರೆ ತಾಯಿ ನಿಜ ಹೇಳುವುದಿಲ್ಲ.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಕಾಲ ಎಂಬ ಪಂಚನಿಯಮಗಳನ್ನು ಶುಶ್ರೂಷಾ ಶಾಲೆಗಳಲ್ಲಿ ಮೊದಲ ವರ್ಷದಲ್ಲಿಯೇ ಬಾಯಿಪಾಠ ಮಾಡಿಸುತ್ತಾರೆ. ಅವುಗಳ ಬೆಲೆ ತಿಳಿಯಲು ಭೇದಿಯ ಜೊತೆಗೆ ಬರುವ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದನ್ನೇ ನೋಡಿದರೆ ಸಾಕು. ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವ ಹನಿಮದ್ದೂ ಇದೆ. ಎರಡರ ಹೆಸರೂ ಒಂದೇ, ಪೆಟ್ಟಿಗೆಯ ಬಣ್ಣವೂ ಕೆಲವೊಮ್ಮೆ ಒಂದೇ. ಸತ್ತ್ವದಲ್ಲಿ ಮಾತ್ರ ನಾಲ್ಕು ಪಟ್ಟು ಅಂತರ. “ಒಂದು ಚಮಚ ಕೊಡಿ” ಎಂಬ ಬಾಯಿಮಾತನ್ನು ನಂಬಿ ತಾಯಿ ಹನಿಮದ್ದನ್ನು ಐದು ಮಿಲಿಲೀಟರ್ ಕುಡಿಸಿದರೆ, 150 ಮಿಲಿಗ್ರಾಂ ಸಾಕಾಗುವ ಹತ್ತು ಕಿಲೋ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಸೇರುತ್ತದೆ; ಹೀಗೆಯೇ ಮತ್ತೆ ಮತ್ತೆ ಕೊಡುತ್ತ ಹೋದರೆ ಯಕೃತ್ತಿಗೆ ಕೇಡು ತಟ್ಟುವ ಸಂಭವವುಂಟು. ಆದುದರಿಂದ ಶುಶ್ರೂಷಕಿಯು ಮಿಲಿಗ್ರಾಂ, ಮಿಲಿಲೀಟರ್ ಎರಡನ್ನೂ ಓದಬೇಕು. ಅಡುಗೆಮನೆಯ ಚಮಚಗಳ ಗಾತ್ರ ಮನೆಗೊಂದು ತರವಾಗಿರುವುದರಿಂದ ಗೆರೆಯಿರುವ ಅಳತೆಯ ಮುಚ್ಚಳದಲ್ಲಿಯೋ ಸೂಜಿಯಿಲ್ಲದ ಸಿರಿಂಜಿನಲ್ಲಿಯೋ ಎಷ್ಟು ಗೆರೆಗೆ ಎಂದು ತೋರಿಸಿ ಕಳುಹಿಸಬೇಕು. ಪಕ್ಕಪಕ್ಕದ ಮಂಚಗಳಲ್ಲಿ ಒಂದೇ ಹೆಸರಿನ ಎರಡು ಕೂಸುಗಳಿರುವುದು ನಮ್ಮ ವಾರ್ಡುಗಳಲ್ಲಿ ಅಪರೂಪವಲ್ಲವಾದುದರಿಂದ, ಕೈಗೆ ಕಟ್ಟಿದ ಗುರುತುಪಟ್ಟಿಯನ್ನು ಓದಿ, ತಾಯಿಯ ಹೆಸರನ್ನು ಕೇಳಿಯೇ ಮದ್ದು ಕೊಡತಕ್ಕದ್ದು. ಆದೇಶ ಅಸ್ಪಷ್ಟವಾಗಿದ್ದರೆ, ಪ್ರಮಾಣ ಹೆಚ್ಚೆಂದು ತೋರಿದರೆ, ಮತ್ತೆ ಕೇಳಲು ಸಂಕೋಚಪಡಬಾರದು; ವೈದ್ಯನ ಬರೆಹವನ್ನು ಪ್ರಶ್ನಿಸುವುದು ಅವಿಧೇಯತೆಯಲ್ಲ, ಅದು ಮಗುವಿಗೆ ಸಲ್ಲುವ ನಿಷ್ಠೆ.

ಕೊಟ್ಟದ್ದನ್ನು ಕೊಟ್ಟ ಕೂಡಲೇ ಬರೆಯುವುದು ಕೊಡುವ ಕೆಲಸದ ಕೊನೆಯ ಅಂಗ. ಎಷ್ಟು ಗಂಟೆಗೆ ಯಾವ ಮದ್ದು ಎಷ್ಟು, ಎಷ್ಟು ದ್ರವ ಒಳಗೆ ಹೋಯಿತು, ಎಷ್ಟು ಸಲ ಭೇದಿ, ಎಷ್ಟು ಸಲ ವಾಂತಿ, ಮೂತ್ರ ಯಾವಾಗ, ತೂಕ ಎಷ್ಟು ಎಂಬ ದಾಖಲೆ ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ, ಪಾಳಿ ಬದಲಾದಾಗ ಬಂದವಳು ಅದೇ ಮದ್ದನ್ನು ಮತ್ತೊಮ್ಮೆ ಕೊಟ್ಟಾಳು, ಇಲ್ಲವೆ ಕೊಟ್ಟಿದ್ದಾರೆಂದು ಭಾವಿಸಿ ಬಿಟ್ಟಾಳು. ತಪ್ಪೇನಾದರೂ ನಡೆದಿದ್ದರೆ ಮುಚ್ಚಿಡದೆ ಒಡನೆ ತಿಳಿಸುವ ಧೈರ್ಯವೂ ಈ ವೃತ್ತಿಧರ್ಮದಲ್ಲಿ ಅಡಕವಾಗಿದೆ. ಬೇಗ ತಿಳಿದ ತಪ್ಪಿಗೆ ಬಹುಮಟ್ಟಿಗೆ ಪರಿಹಾರವುಂಟು.

ಮಗು ಮನೆಗೆ ಹೊರಟು ನಿಂತಾಗ ತಾಯಿಗೆ ಹೇಳುವ ನಾಲ್ಕು ಮಾತುಗಳೂ ಔಷಧದಷ್ಟೇ ಬಲವುಳ್ಳವು. ಎದೆಹಾಲನ್ನು ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಗಂಜಿ, ಮೊಸರನ್ನ, ಬಾಳೆಹಣ್ಣು ಇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಹೊಟ್ಟೆಗೆ ವಿಶ್ರಾಂತಿಯೆಂದು ಉಪವಾಸ ಕೆಡವಿದರೆ ಮಗು ಇನ್ನಷ್ಟು ಸೊರಗುತ್ತದೆ. ಪ್ರತಿಸಲ ಭೇದಿಯಾದಾಗಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಓಆರ್‌ಎಸ್ ಕುಡಿಸಬೇಕು. ಎರಡು ತಿಂಗಳೊಳಗಿನ ಹಸುಗೂಸಾದರೆ ಮನೆಯಲ್ಲಿ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಕುಡಿಯಲೊಲ್ಲದಾದರೆ, ಮಂಕು ಕವಿದರೆ, ಮೂತ್ರ ನಿಂತರೆ, ಜ್ವರವೇರಿದರೆ, ಮೂರು ದಿನಕ್ಕೂ ಇಳಿಮುಖವಾಗದಿದ್ದರೆ ತಡಮಾಡದೆ ಮರಳಬೇಕು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ಗೊತ್ತಾಯಿತೆ?” ಎಂದರೆ ತಾಯಿ ತಲೆಯಾಡಿಸಿಬಿಡುತ್ತಾಳೆ. “ಮನೇಲಿ ಹೇಗೆ ಬೆರೆಸ್ತೀರಮ್ಮ, ಒಂದು ಸಲ ನನಗೆ ಮಾಡಿ ತೋರಿಸಿ” ಎಂದು ಅವಳ ಕೈಯಲ್ಲಿಯೇ ಮಾಡಿಸಿದಾಗ ಮಾತ್ರ ಕಲಿಸಿದ್ದು ಕಲಿತದ್ದಾಗುತ್ತದೆ. ಶುದ್ಧ ನೀರು, ಶೌಚಾಲಯ, ಸೋಪಿನಿಂದ ಕೈತೊಳೆಯುವ ಅಭ್ಯಾಸ, ಕೂಸಿನ ಮಲವನ್ನೂ ಎಚ್ಚರದಿಂದ ವಿಸರ್ಜಿಸುವುದು, ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಹಾಕಿಸಬೇಕಾದ ರೋಟಾ ವೈರಾಣುವಿನ ಲಸಿಕೆ ಇವುಗಳನ್ನು ಜ್ಞಾಪಿಸಲಿಕ್ಕೂ ಇದೇ ತಕ್ಕ ಸಮಯ.

ಈ ಕೆಲಸ ಆಸ್ಪತ್ರೆಯ ಗೋಡೆಗಳೊಳಗೇ ಮುಗಿಯುವುದಿಲ್ಲ. 2014ರಲ್ಲಿ ನಮ್ಮ ದೇಶದಲ್ಲಿ ಭೇದಿ ನಿಯಂತ್ರಣ ಪಾಕ್ಷಿಕವಾಗಿ ಆರಂಭವಾದ ಅಭಿಯಾನದ ಅಂಗವಾಗಿ ಆಶಾ ಕಾರ್ಯಕರ್ತೆಯರು ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಓಆರ್‌ಎಸ್ ಪೊಟ್ಟಣವನ್ನು ತಲುಪಿಸುತ್ತಾರೆ. ಹಳ್ಳಿಯವರು ನರ್ಸಮ್ಮನೆಂದು ಕರೆಯುವ ಉಪಕೇಂದ್ರದ ಸಹಾಯಕಿಯೂ ಈ ಆಶಾ ಸೋದರಿಯೂ ಸೇರಿ ಕಲಿಸಿದ ಮನೆಯಲ್ಲಿ, ಮೊದಲ ನೀರುಭೇದಿಯಾದ ಗಳಿಗೆಯಲ್ಲಿಯೇ ಚಿಕಿತ್ಸೆ ಆರಂಭವಾಗಿ, ಮಗು ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಸಂಗವೇ ಬಾರದಿರಬಹುದು.

ಇಷ್ಟನ್ನು ಶುಶ್ರೂಷಕಿಯರಿಂದ ಅಪೇಕ್ಷಿಸುವ ಸಮಾಜಕ್ಕೂ ಒಂದು ಋಣವುಂಟು. ಮೂವತ್ತು ನಲವತ್ತು ಮಕ್ಕಳಿರುವ ವಾರ್ಡನ್ನು ರಾತ್ರಿಪಾಳಿಯಲ್ಲಿ ಒಬ್ಬಳ ಕೈಗೆ ಒಪ್ಪಿಸಿದರೆ, ಅವಳು ಯಾವ ಮಗುವಿನ ಹನಿಗಳನ್ನು ಎಣಿಸಬೇಕು, ಯಾವ ತಾಯಿಯ ಪಕ್ಕದಲ್ಲಿ ಕೂರಬೇಕು? ಸಾಕಷ್ಟು ಸಿಬ್ಬಂದಿಯನ್ನೂ, ಸರಿಯಾದ ತಕ್ಕಡಿಯನ್ನೂ, ಅಳತೆಯ ಪಾತ್ರೆಗಳನ್ನೂ ಒದಗಿಸುವುದು ಆಡಳಿತದವರ ಧರ್ಮ. ಅವಳ ಮಾತಿಗೆ ಕಿವಿಗೊಟ್ಟು, ಸೂಜಿಗಾಗಿ ಪೀಡಿಸದೆ ಚಮಚ ಹಿಡಿದು ಕೂರುವುದು ಮನೆಯವರ ಧರ್ಮ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡು ಓಆರ್‌ಎಸ್ ಪೊಟ್ಟಣಗಳು ಸದಾ ಇರಲಿ, ಭೇದಿ ಆರಂಭವಾದ ದಿನವೇ ಅದನ್ನು ಅಳತೆಗೆ ಸರಿಯಾಗಿ ಬೆರೆಸಿ ಕುಡಿಸಿರಿ, ಜಿಂಕ್ ಮಾತ್ರೆಯನ್ನು ಹದಿನಾಲ್ಕು ದಿನವೂ ಕೊಡಿರಿ, ಅಂಗಡಿಯವನ ಮಾತಿಗೆ ಭೇದಿ ಕಟ್ಟುವ ಮಾತ್ರೆಯನ್ನು ಕೂಸಿನ ಬಾಯಿಗೆ ಹಾಕಬೇಡಿರಿ, ಸಂಶಯ ಬಂದರೆ ನಿಮ್ಮೂರಿನ ನರ್ಸಮ್ಮನನ್ನು ಕೇಳಿರಿ.